ಅಮ್ಮನ ಜೊತೆ ಎರಡೂವರೆ ತಿಂಗಳು ಮೆಲ್ಬರ್ನ್‌ನಲ್ಲಿ: ಏನು ತೋರಿಸಲಿ, ಹವಾಮಾನಕ್ಕೆ ಏನು ತಯಾರಿ?

ಗಿರಿನಗರ_ನಿವಾಸಿ
ಭಾನುವಾರ, ಬೆಳಿಗ್ಗೆ 7:40

ಎಲ್ಲರಿಗೂ ನಮಸ್ಕಾರ. ನವೆಂಬರ್ ಮಧ್ಯದಲ್ಲಿ ಅಮ್ಮನನ್ನ ಕರ್ಕೊಂಡು ಮೆಲ್ಬರ್ನ್‌ಗೆ ಹೊರಟಿದೀನಿ. ತಂಗಿ ಮನೆ ಅಲ್ಲಿ ರಿಂಗ್‌ವುಡ್ ಅನ್ನೋ ಕಡೆ. ಜನವರಿ ಕೊನೆವರೆಗೂ ಇರ್ತೀವಿ. ನಾನು ಹೋದ ವರ್ಷ ರಿಟೈರ್ ಆದೆ, ಅವಸರ ಏನಿಲ್ಲ.

ಅಮ್ಮನಿಗೆ 79 ವರ್ಷ. ಹುಟ್ಟಿ ಬೆಳೆದದ್ದು ಚಿಂತಾಮಣಿ ಹತ್ರದ ಹಳ್ಳಿ, ಮದುವೆ ಆದ ಮೇಲೆ ಬೆಂಗಳೂರು. ಮಂಡಿ ನೋವಿದೆ, ಎತ್ತರದ ಮೆಟ್ಟಿಲು ಹತ್ತೋಕೆ ಆಗಲ್ಲ. ಧೂಳು ಜಾಸ್ತಿ ಆದ್ರೆ ಉಬ್ಬಸ ಬರುತ್ತೆ, ಇನ್ಹೇಲರ್ ಜೊತೆಗಿರುತ್ತೆ. ಮಿಕ್ಕಂತೆ ಗಟ್ಟಿ. ಈಗಲೂ ಬೇಸಿಗೆ ಬಂತು ಅಂದ್ರೆ ತಾರಸಿ ಮೇಲೆ ಸಂಡಿಗೆ ಇಟ್ಟೇ ಇಡ್ತಾರೆ.

ಇಲ್ಲಿ ಒಬ್ಬ ಟ್ರಾವೆಲ್ ಏಜೆಂಟ್ ಹತ್ತು ಜಾಗದ ಪಟ್ಟಿ ಮಾಡಿಕೊಟ್ರು. ಅಮ್ಮನಿಗೆ ಓದಿ ಹೇಳಿದೆ. ಎಲ್ಲ ಕೇಳಿಸ್ಕೊಂಡು, "ದೊಡ್ಡ ದೊಡ್ಡ ಕಟ್ಟಡ ನೋಡಿ ನಾನೇನು ಮಾಡ್ಲಪ್ಪ? ಅವರ ಬೀದಿ ತೋರಿಸು, ಮರ ತೋರಿಸು, ಸಂಜೆ ಹೊತ್ತು ಜನ ಏನು ಮಾಡ್ತಾರೆ ತೋರಿಸು, ಸಾಕು" ಅಂದ್ರು. ಅದಕ್ಕೇ ಅಲ್ಲಿ ಇದ್ದು ಬಂದವರನ್ನ ಕೇಳ್ತಿದೀನಿ. ಪ್ರವಾಸಿಗಳ ಪಟ್ಟಿಯಲ್ಲಿ ಇಲ್ಲದ, ದಿನಾ ಕಣ್ಣಿಗೆ ಬೀಳೋ ಏನೇನಿದೆ ಅಲ್ಲಿ?

ಎರಡನೇದು ಹವಾಮಾನ. ಹೋದ ಡಿಸೆಂಬರ್‌ನಲ್ಲಿ ಒಂದು ದಿನ ತಂಗಿ ಮಧ್ಯಾಹ್ನ ಫೋನ್ ಮಾಡಿದಾಗ 39 ಡಿಗ್ರಿ ಅಂತ ಒದ್ದಾಡ್ತಿದ್ಳು. ಅವತ್ತೇ ರಾತ್ರಿ ವಿಡಿಯೋ ಕಾಲ್ ಮಾಡಿದ್ರೆ ಸ್ವೆಟರ್ ಹಾಕ್ಕೊಂಡು ಕೂತಿದ್ಳು. ಬೆಂಗಳೂರಿನವರಿಗೆ ಇದು ಅರ್ಥವೇ ಆಗಲ್ಲ. ಅಮ್ಮನಿಗೆ ಬಟ್ಟೆ ಯಾವುದು ತಗೊಂಡು ಹೋಗ್ಲಿ? ಹೊರಗೆ ಕರ್ಕೊಂಡು ಹೋಗೋ ದಿನ ಹೇಗೆ ಆರಿಸ್ಲಿ?


ಸಂಪಿಗೆ_ರಸ್ತೆ
ಭಾನುವಾರ, ಬೆಳಿಗ್ಗೆ 11:15

ಸರ್, ನಿಮ್ಮ ತಾಯಿಯವರ ಮಾತು ಓದಿ ತುಂಬಾ ಸಂತೋಷ ಆಯ್ತು. ನಾನು 2011ರಿಂದ 2020ರವರೆಗೆ ಬಾಕ್ಸ್ ಹಿಲ್ ಕಡೆ ಇದ್ದೆ, ನಿಮ್ಮ ತಂಗಿ ಮನೆ ಇರೋ ರೈಲು ಮಾರ್ಗದಲ್ಲೇ. ಈಗ ಮಲ್ಲೇಶ್ವರದಲ್ಲಿ ಅತ್ತೆ-ಮಾವನ ಜೊತೆ ಇದೀನಿ. ಸ್ವಲ್ಪ ಉದ್ದ ಆಗುತ್ತೆ, ಸಮಾಧಾನವಾಗಿ ಓದಿ.

ಮೊದಲು ಗಾಳಿ. ಮೆಲ್ಬರ್ನ್‌ನಲ್ಲಿ ಬೆಳಿಗ್ಗೆ ಎದ್ದು ಡಿಗ್ರಿ ನೋಡೋಕಿಂತ ಗಾಳಿ ಯಾವ ಕಡೆಯಿಂದ ಬರ್ತಿದೆ ನೋಡೋದು ಮುಖ್ಯ. ಊರಿನ ಉತ್ತರಕ್ಕೆ ಇಡೀ ಖಂಡದ ಒಣ ನೆಲ, ಮರುಭೂಮಿ. ದಕ್ಷಿಣಕ್ಕೆ ಹೋದ್ರೆ ತಣ್ಣನೆ ಸಮುದ್ರ, ಅದರಾಚೆ ಅಂಟಾರ್ಕ್ಟಿಕ. ಬೇಸಿಗೆಯಲ್ಲಿ ಎರಡು ಮೂರು ದಿನ ಉತ್ತರದ ಗಾಳಿ ಬೀಸಿತು ಅಂದ್ರೆ ಮರುಭೂಮಿಯ ಬಿಸಿ ನೇರ ಮನೆ ಬಾಗಿಲಿಗೆ ಬರುತ್ತೆ. ಆಮೇಲೆ ನೈಋತ್ಯದಿಂದ ಸಮುದ್ರದ ತಂಪು ನುಗ್ಗುತ್ತೆ. ಅದನ್ನ ಅಲ್ಲಿ ಎಲ್ಲರೂ ಕೂಲ್ ಚೇಂಜ್ ಅಂತಾರೆ, ಬರೀ ಚೇಂಜ್ ಅಂದ್ರೂ ಸಾಕು. ಒಂದು ಗಂಟೆಯೊಳಗೆ 15, ಕೆಲವು ಸಲ 20 ಡಿಗ್ರಿ ಇಳಿಯುತ್ತೆ. ನಿಮ್ಮ ತಂಗಿಯ ಸ್ವೆಟರ್ ಅದೇ. ನಮ್ಮ ಬೆಂಗಳೂರಲ್ಲಿ 2016ರ ಏಪ್ರಿಲ್‌ನಲ್ಲಿ 39 ದಾಟಿದಾಗ ಊರೆಲ್ಲ ಅದೇ ಮಾತಾಗಿತ್ತಲ್ವಾ? ಅಲ್ಲಿ ಅಂಥ ದಿನ ಹೆಚ್ಚುಕಡಿಮೆ ಪ್ರತಿ ಬೇಸಿಗೆಯೂ ಬರುತ್ತೆ, ಆದರೆ ನಮ್ಮಲ್ಲಿಯ ಹಾಗೆ ವಾರಗಟ್ಟಲೆ ಕೂರಲ್ಲ.

ನಿಮ್ಮ ತಾಯಿ ಸಂಡಿಗೆ ಇಡ್ತಾರೆ ಅಂದ್ರಲ್ಲ, ಅದಕ್ಕೆ ಇದನ್ನ ಹೇಳಲೇಬೇಕು. ನಾನು ಹೋದ ಮೊದಲ ಬೇಸಿಗೆ. ಜನವರಿಯಲ್ಲಿ ಒಂದು ದಿನ 40 ಡಿಗ್ರಿ ಅಂತ ಹಿಂದಿನ ದಿನವೇ ಹೇಳಿದ್ರು. ಇಷ್ಟು ಬಿಸಿಲು ವ್ಯರ್ಥ ಮಾಡಬಾರದು ಅಂತ ಬೆಳಿಗ್ಗೆ ಐದೂವರೆಗೇ ಎದ್ದು ಅಕ್ಕಿ ಹಿಟ್ಟು ಕಾಸಿ, ಇಂಗು, ಹಸಿಮೆಣಸಿನಕಾಯಿ ಹಾಕಿ, ಹಿತ್ತಲಿನ ಮೇಜಿನ ಮೇಲೆ ಯಜಮಾನರ ಹಳೇ ಪಂಚೆ ಹಾಸಿ ಸಾಲಾಗಿ ಸಂಡಿಗೆ ಇಟ್ಟೆ. ನೊಣ ಕೂರದ ಹಾಗೆ ಮೇಲೊಂದು ತೆಳು ಸೀರೆ. ಪಕ್ಕದಲ್ಲೇ ಬಟ್ಟೆ ಒಣಗಿಸೋ ತಂತಿ. ಅಲ್ಲಿ ಪ್ರತಿ ಹಿತ್ತಲಲ್ಲೂ ಅದು ಇರುತ್ತೆ: ನಡುವೆ ಒಂದು ಕಂಬ, ಅದರ ತಲೆ ಮೇಲೆ ಬಿಚ್ಚಿದ ಕೊಡೆಯ ಕಡ್ಡಿಗಳ ಹಾಗೆ ನಾಲ್ಕು ಕೈ, ಅದಕ್ಕೆ ಸುತ್ತ ತಂತಿ, ಗಾಳಿಗೆ ತಾನೇ ತಿರುಗುತ್ತೆ. ಹಿಲ್ಸ್ ಹಾಯ್ಸ್ಟ್ ಅಂತ ಹೆಸರು, 1945ರಲ್ಲಿ ಅಡಿಲೇಡ್‌ನಲ್ಲಿ ಶುರುವಾದದ್ದು.

ಮಧ್ಯಾಹ್ನ ಒಂದು ಗಂಟೆಗೆಲ್ಲ ಸಂಡಿಗೆ ಮುಟ್ಟಿದ್ರೆ ಟಕ್ ಅನ್ನೋ ಹಾಗೆ ಒಣಗಿತ್ತು. ಬೆಂಗಳೂರಲ್ಲಿ ಎರಡು ಮೂರು ದಿನ ಬೇಕು. ಗಾಳಿ ಒಲೆ ಬಾಯಿಂದ ಬಂದ ಹಾಗಿತ್ತು. ತಂತಿ ಮೇಲಿನ ಲಂಗ, ಟವಲ್ ಎಲ್ಲ ದಕ್ಷಿಣದ ಬೇಲಿ ಕಡೆಗೆ ಅಡ್ಡಡ್ಡ ಹಾರ್ತಿದ್ದವು. ಮೂರೂವರೆ ಹೊತ್ತಿಗೆ ಗಾಳಿ ಪೂರಾ ನಿಂತುಬಿಡ್ತು. ಬಟ್ಟೆಯೆಲ್ಲ ನೆಟ್ಟಗೆ ಇಳಿಬಿದ್ದವು, ಒಂದು ಎಲೆ ಅಲ್ಲಾಡಲ್ಲ, ಒಂದು ಹಕ್ಕಿ ಕೂಗಲ್ಲ. ನಾನು ಅಡುಗೆಮನೆ ಕಿಟಕಿಯಲ್ಲಿ ನಿಂತು ನೋಡ್ತಿದೀನಿ. ಪಕ್ಕದ ಮನೆಯ ಅಜ್ಜಿ, ಗ್ರೀಸ್‌ನಿಂದ ಚಿಕ್ಕ ವಯಸ್ಸಲ್ಲೇ ಬಂದು ನೆಲೆಸಿದವರು, ಬೇಲಿ ಮೇಲಿಂದ ತಲೆ ಎತ್ತಿ, "ಬಂತು ಬಂತು, ಒಳಗೆ ತಗೋ!" ಅಂತ ಕೂಗಿದ್ರು. ಏನು ಬಂತು ಅಂತ ನನಗೆ ತಿಳಿಯೋ ಅಷ್ಟರಲ್ಲಿ ದೂರದ ಮರಗಳಲ್ಲಿ ಮಳೆ ಬಂದ ಹಾಗೆ ಸದ್ದು. ಮಳೆಯಲ್ಲ, ಗಾಳಿ. ಬಟ್ಟೆ ತಂತಿ ಗಿರ್ರನೆ ಉಲ್ಟಾ ತಿರುಗಿತು. ಪಂಚೆ ಸಂಡಿಗೆ ಸಮೇತ ಎದ್ದು ನಿಂಬೆ ಗಿಡದ ಮೇಲೆ ಹೋಗಿ ಕೂತಿತು. ನಾನು ಹೊರಗೆ ಓಡಿ ಬಂದವಳಿಗೆ ತೋಳಿನ ಮೇಲೆಲ್ಲ ರೋಮ ಎದ್ದು ನಿಂತಿತು, ಅಷ್ಟು ತಣ್ಣಗೆ. ಅಜ್ಜಿಯೂ ಬಂದ್ರು. ಇಬ್ಬರೂ ಹುಲ್ಲಲ್ಲಿ ಕೂತು ಒಂದೊಂದೇ ಸಂಡಿಗೆ ಆರಿಸಿದ್ವಿ. ಸಂಜೆ ಕರಿದು ಒಂದು ತಟ್ಟೆ ಅವರ ಮನೆಗೆ ಕೊಟ್ಟೆ. ಅವತ್ತಿನಿಂದ ಒಂಬತ್ತು ವರ್ಷವೂ, ಸೆಖೆ ದಿನ ಬಂತು ಅಂದ್ರೆ ಬೆಳಿಗ್ಗೆನೇ ಬೇಲಿ ಹತ್ರ ಬಂದು "ಇವತ್ತು ನಾಲ್ಕಕ್ಕೆ" ಅಂತ ಹೇಳಿ ಹೋಗ್ತಿದ್ರು.

ಚೇಂಜ್ ಎಷ್ಟು ಗಂಟೆಗೆ ಅಂತ ರೇಡಿಯೋದಲ್ಲೂ ಹೇಳ್ತಾರೆ. ಪಶ್ಚಿಮದ ಜೀಲಾಂಗ್‌ಗೆ ಮೊದಲು ಬರುತ್ತೆ, ಆಮೇಲೆ ಮೆಲ್ಬರ್ನ್‌ಗೆ. ನಿಮ್ಮ ತಾಯಿ ನೋಡಬೇಕಾದ್ದು ಆ ಸಂಜೆಯನ್ನೇ ಸರ್. ಹಗಲೆಲ್ಲ ಪರದೆ ಎಳೆದು ಕತ್ತಲೆ ಮಾಡ್ಕೊಂಡು ಕೂತ ಮನೆಗಳು ತಂಪು ಬಂದ ಕೂಡಲೇ ಒಂದೊಂದಾಗಿ ಕಿಟಕಿ ಬಾಗಿಲು ತೆಗೀತಾವೆ. ಮುದುಕರು ಗಿಡಕ್ಕೆ ನೀರು ಹಾಕೋಕೆ ಬರ್ತಾರೆ, ಮಕ್ಕಳು ಬರಿಗಾಲಲ್ಲಿ ರಸ್ತೆಗೆ ಇಳೀತಾವೆ, ನಾಯಿ ಕರ್ಕೊಂಡು ಬಂದವರು ನಿಂತು ಮಾತಾಡ್ತಾರೆ. ಮಾಮೂಲಿ ದಿನ ಗುರುತು ಪರಿಚಯ ಇಲ್ಲದವರ ಜೊತೆ ಬಾಯಿ ಬಿಡದ ಜನ ಅವತ್ತು ನಿಂತು ಮಾತಾಡಿಸ್ತಾರೆ. ಮನೆ ಮುಂದೆ ಒಂದು ಕುರ್ಚಿ ಹಾಕಿ ಅಮ್ಮನ್ನ ಕೂರಿಸಿ, ಹೆಗಲ ಮೇಲೊಂದು ಶಾಲು.

ಬಟ್ಟೆಗೆ ಉತ್ತರ ಇಷ್ಟೇ: ಹತ್ತಿ ಸೀರೆ, ಅದರ ಮೇಲೆ ಹಾಕಿ ತೆಗೆಯೋ ಹಾಗೆ ಒಂದು ಸ್ವೆಟರ್, ಕಾಲುಚೀಲ. ಯಾವ ದಿನವೇ ಆಗಲಿ, ಬ್ಯಾಗಲ್ಲಿ ಸ್ವೆಟರ್ ಇಲ್ಲದೆ ಹೊರಡಬೇಡಿ. ಮಳೆಗೆ ಹೆದರಬೇಕಿಲ್ಲ. ಮೆಲ್ಬರ್ನ್ ಅಂದ್ರೆ ಮಳೆ ಊರು ಅಂತ ಮಾತಿದೆ, ಆದರೆ ವರ್ಷಕ್ಕೆ ಬೀಳೋದು ಸುಮಾರು 650 ಮಿಲಿಮೀಟರ್. ನಮ್ಮ ಬೆಂಗಳೂರಲ್ಲಿ 970ರ ಹತ್ತಿರ. ಅಲ್ಲಿ ಜಿನುಗುತ್ತೆ, ನಿಲ್ಲುತ್ತೆ, ಮತ್ತೆ ಜಿನುಗುತ್ತೆ. ಬಿಸಿಲು ಮಾತ್ರ ಚುರುಕು. ಗಾಳಿ ತಣ್ಣಗಿದೆ ಅಂತ ತಲೆಗೆ ಏನೂ ಹಾಕದೆ ಹೋದ್ರೆ ಅರ್ಧ ಗಂಟೆಯಲ್ಲಿ ಮುಖ ಉರಿಯುತ್ತೆ. ಅಲ್ಲಿನ ಶಾಲೆಗಳಲ್ಲಿ ಟೋಪಿ ಇಲ್ಲದ ಮಗುವನ್ನ ಆಟಕ್ಕೇ ಬಿಡಲ್ಲ.

ಇನ್ನೊಂದು. ಅಮ್ಮ ಸಂಜೆ ದೀಪ ಹಚ್ಚೋರಾದ್ರೆ ಮೊದಲೇ ಹೇಳಿಡಿ, ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗೋದು ರಾತ್ರಿ 8:40ಕ್ಕೆ. ನಮ್ಮತ್ತೆ ಬಂದಾಗ ಆರೂವರೆಗೆ ಕೈಕಾಲು ತೊಳೆದು ಕೂತು, ಹೊರಗೆ ನೋಡ್ತಾರೆ, ಸುಡುಬಿಸಿಲು. ಎರಡು ದಿನ ಕಾದ್ರು. ಮೂರನೇ ದಿನದಿಂದ ಊಟ ಮೊದಲು, ದೀಪ ಆಮೇಲೆ. ನಡು ಮಧ್ಯಾಹ್ನ ಸೂರ್ಯ ಅಲ್ಲಿ ಉತ್ತರದಲ್ಲಿರ್ತಾನೆ, ಬಿಸಿಲು ಬೇಕು ಅಂದ್ರೆ ಉತ್ತರದ ಕಿಟಕಿ ಹತ್ರ ಕೂರಬೇಕು. ಜನವರಿ ರಾತ್ರಿ ಮಹಾವ್ಯಾಧ ನಕ್ಷತ್ರಪುಂಜ ತಲೆಕೆಳಗಾಗಿ ಕಾಣುತ್ತೆ. ಹಳ್ಳಿಯಲ್ಲಿ ಬೆಳೆದವರು ಆಕಾಶ ನೋಡಿರ್ತಾರೆ, ತಕ್ಷಣ ಗುರುತು ಹಿಡೀತಾರೆ.


ಗಿರಿನಗರ_ನಿವಾಸಿ
ಭಾನುವಾರ, ಮಧ್ಯಾಹ್ನ 1:05

ಮೇಡಂ, ತುಂಬಾ ತುಂಬಾ ಥ್ಯಾಂಕ್ಸ್. ಊಟಕ್ಕೆ ಕೂತಾಗ ಅಮ್ಮನಿಗೆ ಓದಿ ಹೇಳಿದೆ. ಸಂಡಿಗೆ ಕಥೆ ಎರಡು ಸಲ ಓದಿಸಿದ್ರು. ಹೊರಗಡೆ ಸುತ್ತಾಟಕ್ಕೂ ಸ್ವಲ್ಪ ಹೇಳಿ. ಮರದ ವಿಷಯ ಕೇಳ್ತಿದಾರೆ.


ಸಂಪಿಗೆ_ರಸ್ತೆ
ಭಾನುವಾರ, ಸಂಜೆ 4:30

ಮರ ಅಂದ್ರೆ ಮೊದಲು ನೀಲಗಿರಿ. ಚಿಂತಾಮಣಿ ಕಡೆಯವರಿಗೆ ನೀಲಗಿರಿ ತೋಪು ಗೊತ್ತೇ ಇರುತ್ತೆ, ಎಲ್ಲ ಒಂದೇ ಅಳತೆ, ಕಡ್ಡಿಯ ಹಾಗೆ ನೆಟ್ಟಗೆ, ಕೆಳಗೆ ಒಂದು ಹುಲ್ಲೂ ಇಲ್ಲ. ನೆಲದ ನೀರು ಹೀರುತ್ತೆ ಅಂತ 2017ರಲ್ಲಿ ನಮ್ಮ ಸರ್ಕಾರ ಹೊಸದಾಗಿ ಬೆಳೆಸೋದನ್ನೇ ನಿಲ್ಲಿಸಿತು. ನನಗೂ ನೀಲಗಿರಿ ಅಂದ್ರೆ ಅಷ್ಟೇ ತಿಳಿದಿತ್ತು. ಅದರ ತವರಲ್ಲಿ ನೋಡಿದ ಮೇಲೆ ನನ್ನ ಅಭಿಪ್ರಾಯವೇ ಬದಲಾಯ್ತು. ನೂರಾರು ಜಾತಿ. ತೊಗಟೆ ಉದ್ದುದ್ದ ಪಟ್ಟಿಯಾಗಿ ಬಿಚ್ಚಿ ನೇತಾಡುತ್ತೆ, ಒಳಗಿನ ಮೈ ಬೆಣ್ಣೆ ಬಣ್ಣ, ಒಂದೊಂದು ಕಡೆ ನಸುಗೆಂಪು. ಒಂದು ಹನಿ ಮಳೆ ಬಿದ್ರೆ ಇಡೀ ಬೀದಿಗೆ ನೆಗಡಿಗೆ ಹಚ್ಚೋ ಎಣ್ಣೆ ವಾಸನೆ. ಅದರ ಅಡಿಯಲ್ಲಿ ಜರಿಗಿಡ, ಹೂವು, ಹಕ್ಕಿ ಎಲ್ಲ ಇವೆ. ಒಂದು ಎಚ್ಚರ: ಗಾಳಿಯಿಲ್ಲದ ಸೆಖೆ ದಿನ ದೊಡ್ಡ ನೀಲಗಿರಿ ಕೆಳಗೆ ಚಾಪೆ ಹಾಸಬೇಡಿ. ಯಾವ ಸೂಚನೆಯೂ ಇಲ್ಲದೆ ಕೊಂಬೆ ಬೀಳುತ್ತೆ.

ಕಾಫಿ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸ್ತಾರಲ್ಲ ಸಿಲ್ವರ್ ಓಕ್, ಅದೂ ಆ ದೇಶದ ಮರವೇ. ನಮ್ಮಲ್ಲಿ ಕೊಂಬೆ ಸವರಿ ಸವರಿ ಕಂಬ ಮಾಡಿರ್ತೀವಿ. ಅಲ್ಲಿ ತನ್ನ ಪಾಡಿಗೆ ಬೆಳೆದು ಕಿತ್ತಳೆ-ಹಳದಿ ಹೂವು ತುಂಬಿಕೊಂಡಿರುತ್ತೆ. ಸರ್ವೆ ಮರವೂ ಅಷ್ಟೆ.

ಹಕ್ಕಿಗಳಲ್ಲಿ ಲೆಕ್ಕ ಉಲ್ಟಾ. ಬೆಳಿಗ್ಗೆ ಕಿಟಕಿ ತೆಗೆದ್ರೆ ಅಮ್ಮನಿಗೆ ಮೊದಲು ಕಾಣೋದು ಬಹುಶಃ ನಮ್ಮ ಗೊರವಂಕ. ಅದೇ ಹಳದಿ ಕಣ್ಣಂಚು, ಅದೇ ಜಗಳದ ದನಿ. 1860ರ ದಶಕದಲ್ಲಿ ತರಕಾರಿ ತೋಟದ ಹುಳ ತಿನ್ನಲಿ ಅಂತ ಇಲ್ಲಿಂದ ತಗೊಂಡು ಹೋಗಿ ಮೆಲ್ಬರ್ನ್‌ನಲ್ಲಿ ಬಿಟ್ರು. ಈಗ ಅಲ್ಲಿನ ಹಕ್ಕಿಗಳ ಪೊಟರೆ ಆಕ್ರಮಿಸ್ಕೊಳ್ಳುತ್ತೆ ಅಂತ ಜನಕ್ಕೆ ಅದರ ಮೇಲೆ ಕೋಪ. ನನಗೆ ಎರಡೂ ಅರ್ಥ ಆಗ್ತಿತ್ತು. ನೀಲಗಿರಿಗೆ ನಾವು ಇಲ್ಲಿ ಬೈತೀವಿ, ಗೊರವಂಕಕ್ಕೆ ಅವರು ಅಲ್ಲಿ ಬೈತಾರೆ. ಕಪ್ಪು-ಬಿಳಿ ಮ್ಯಾಗ್‌ಪೈ ಅನ್ನೋ ಹಕ್ಕಿಯೂ ಬರುತ್ತೆ, ಕೊಳಲಿಗೆ ನೀರು ತುಂಬಿ ಊದಿದ ಹಾಗೆ ಅದರ ದನಿ. ಮರಿ ಮಾಡೋ ಕಾಲದಲ್ಲಿ, ಆಗಸ್ಟ್‌ನಿಂದ ಅಕ್ಟೋಬರ್, ದಾರಿಹೋಕರ ತಲೆಗೆ ಎರಗುತ್ತೆ. ಸೈಕಲ್ ಹೆಲ್ಮೆಟ್ ಮೇಲೆ ಮುಳ್ಳಿನ ಹಾಗೆ ಪ್ಲಾಸ್ಟಿಕ್ ಕಡ್ಡಿ ಸಿಕ್ಕಿಸ್ಕೊಂಡು ಓಡಾಡ್ತಾರೆ. ನೀವು ಹೋಗೋ ಹೊತ್ತಿಗೆ ಅದು ಮುಗಿದಿರುತ್ತೆ.

ಈಗ ಸುತ್ತಾಟ. ರಿಂಗ್‌ವುಡ್‌ನಿಂದ ಬೆಲ್‌ಗ್ರೇವ್‌ಗೆ ಅದೇ ರೈಲು ಹೋಗುತ್ತೆ. ಅಲ್ಲಿ ಇಳಿದ್ರೆ ಪಫಿಂಗ್ ಬಿಲ್ಲಿ, ಉಗಿಬಂಡಿ. 1900ರಲ್ಲಿ ಶುರುವಾದ ಮಾರ್ಗ, ಜೆಂಬ್ರೂಕ್‌ವರೆಗೆ 24 ಕಿಲೋಮೀಟರ್. ನೀವು ಪೂರ್ತಿ ಹೋಗಬೇಡಿ, ಲೇಕ್‌ಸೈಡ್‌ವರೆಗೆ ಸುಮಾರು ಒಂದು ಗಂಟೆ, ಕೆರೆ ದಂಡೆ ಮೇಲೆ ಬುತ್ತಿ ಬಿಚ್ಚಿ ತಿಂದು ವಾಪಸ್ ಬನ್ನಿ. ಅದರ ಹಳಿ ಅಗಲ ಎರಡೂವರೆ ಅಡಿ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ ಮೇಲೆ ಕೋಲಾರಕ್ಕೆ ಮೊದಲು ಒಂದು ಸಣ್ಣ ರೈಲು ಹೋಗ್ತಿತ್ತಲ್ಲ, ಅದೂ ಸರಿಯಾಗಿ ಎರಡೂವರೆ ಅಡಿ ಹಳಿಯೇ. ನಮ್ಮ ಮಾವ ರೈಲ್ವೆಯವರು, ಅವರೇ ಬೆಲ್‌ಗ್ರೇವ್‌ನಲ್ಲಿ ಹಳಿ ಪಕ್ಕ ನಿಂತು ಇದನ್ನ ತೋರಿಸಿದ್ದು. ನಿಮ್ಮ ತಾಯಿ ಆ ರೈಲು ಹತ್ತಿದ್ರಾ ಕೇಳಿ. ಬೆಂಕಿ ಅಪಾಯ ಜಾಸ್ತಿ ಇರೋ ದಿನ ಕಿಡಿ ಹಾರಬಾರದು ಅಂತ ಉಗಿ ಎಂಜಿನ್ ತೆಗೆದು ಡೀಸೆಲ್ ಹಾಕ್ತಾರೆ, ಆದ್ದರಿಂದ ಉತ್ತರದ ಗಾಳಿ ದಿನ ಬಿಟ್ಟು ತಂಪು ದಿನ ಹೋಗಿ.

ಊರೊಳಗೆ ಟ್ರಾಮ್. ನಗರದ ನಡುಭಾಗದಲ್ಲಿ 2015ರಿಂದ ಟ್ರಾಮ್ ಉಚಿತ. ಆದರೆ ಪ್ರವಾಸಿಗಳಿಗೆ ಅಂತ ಓಡಿಸೋ ಹಳೇ ಕಾಲದ ಟ್ರಾಮ್‌ಗೆ ಮೆಟ್ಟಿಲು ಎತ್ತರ, ಅಮ್ಮನ ಮಂಡಿಗೆ ಬೇಡ. 96ನೇ ನಂಬರ್ ನೆಲಮಟ್ಟದ ಟ್ರಾಮ್, ಕಾಲು ಎತ್ತೋದೇ ಬೇಡ, ನೇರ ಸೇಂಟ್ ಕಿಲ್ಡಾ ಕಡಲ ದಂಡೆಗೆ ಹೋಗುತ್ತೆ. ಅದಕ್ಕೆ ಮೈಕಿ ಅನ್ನೋ ಟಿಕೆಟ್ ಕಾರ್ಡ್ ಬೇಕು.

ಒಂದು ಸಂಜೆ ಯಾರ್ರಾ ಬೆಂಡ್ ಪಾರ್ಕ್‌ಗೆ ಹೋಗಲೇಬೇಕು. ನದಿ ದಂಡೆಯ ಮರಗಳಲ್ಲಿ ಸಾವಿರಾರು ದೊಡ್ಡ ಬಾವಲಿಗಳು. 2003ರಲ್ಲಿ ಸಸ್ಯೋದ್ಯಾನದಿಂದ ಓಡಿಸಿದಾಗ ಅಲ್ಲಿಂದ ಬಂದು ಇಲ್ಲಿ ನೆಲೆಯಾದವು. ರೆಕ್ಕೆ ಬಿಚ್ಚಿದ್ರೆ ಒಂದು ಮೀಟರ್. ಹೊತ್ತು ಮುಳುಗಿದ ಮೇಲೆ ಒಂದು ಏಳುತ್ತೆ, ಹತ್ತು ಏಳುತ್ತೆ, ಆಮೇಲೆ ಆಕಾಶದಲ್ಲಿ ನದಿ ಹರಿದ ಹಾಗೆ. ಕೆಲವು ಕೆಳಗಿಳಿದು ನೀರಿಗೆ ಹೊಟ್ಟೆ ಸವರಿ ಮೇಲೇರ್ತಾವೆ, ಆಮೇಲೆ ಎದೆಯ ತುಪ್ಪಳದ ನೀರು ನೆಕ್ಕಿ ಕುಡೀತಾವೆ. ಸಿಟಿ ಬೆಳಕೆಲ್ಲ ಹಿಂದೆ ಕಾಣ್ತಿರುತ್ತೆ. ದುಡ್ಡು ಕೊಡಬೇಕಿಲ್ಲ, ಟಿಕೆಟ್ ಇಲ್ಲ. 42 ಡಿಗ್ರಿ ದಾಟಿದ ದಿನ ಪಾಪ, ಈ ಬಾವಲಿಗಳು ಸೆಖೆ ತಾಳದೆ ಗುಂಪು ಗುಂಪಾಗಿ ಸಾಯ್ತಾವೆ. ಒಂದು ಸಲ ಅಂಥ ದಿನದ ಮಾರನೇ ಬೆಳಿಗ್ಗೆ ಹೋಗಿದ್ದೆ, ತಾಯಿ ಬಾವಲಿ ನೆಲದಲ್ಲಿ ಬಿದ್ದಿತ್ತು, ಮರಿ ಅದರ ಎದೆಗೆ ಕಚ್ಚಿಕೊಂಡೇ ಇತ್ತು. ಸ್ವಯಂಸೇವಕರು ಬಂದು ಟವಲ್‌ನಲ್ಲಿ ಸುತ್ತಿ ತಗೊಂಡು ಹೋದ್ರು. ಅಂಥ ದಿನ ಮಾತ್ರ ಅಮ್ಮನ್ನ ಕರ್ಕೊಂಡು ಹೋಗಬೇಡಿ.

ದೂರದ್ದು ಒಂದೇ ಅಂತಾದ್ರೆ ಫಿಲಿಪ್ ದ್ವೀಪದ ಪೆಂಗ್ವಿನ್, 140 ಕಿಲೋಮೀಟರ್. ಒಂದಡಿ ಎತ್ತರದ ಪುಟ್ಟ ಹಕ್ಕಿಗಳು ಕತ್ತಲಾದ ಮೇಲೆ ಗುಂಪಾಗಿ ಸಮುದ್ರದಿಂದ ನಡೆದು ಬರ್ತಾವೆ. ಡಿಸೆಂಬರ್‌ನಲ್ಲಿ ಒಂಬತ್ತು ಗಂಟೆ ಮೇಲೆ. ಫೋಟೋ ತೆಗೆಯೋಕೆ ಬಿಡಲ್ಲ, ಅದೇ ಒಳ್ಳೇದು. ಬೇಸಿಗೆಯಲ್ಲೂ ಚಳಿ, ಕಂಬಳಿ ತಗೊಂಡು ಹೋಗಿ. ಗ್ರೇಟ್ ಓಷನ್ ರೋಡ್ ಒಂದೇ ದಿನಕ್ಕೆ ಹೋಗಿ ಬರೋದು ಬೇಡ. 243 ಕಿಲೋಮೀಟರ್ ತಿರುವು ರಸ್ತೆ, 79 ವರ್ಷದವರಿಗೆ ಬಸ್ಸಲ್ಲಿ ಹನ್ನೆರಡು ಗಂಟೆ ಹಿಂಸೆ.


ಹಳೇ_ಸಿಡ್ನಿ_ವಿಜಯನಗರ
ಭಾನುವಾರ, ರಾತ್ರಿ 8:20

ಮೇಡಂ ಬರೆದದ್ದು ನೂರಕ್ಕೆ ನೂರು. ಸಿಡ್ನಿಯಲ್ಲಿ ಇದೇ ಗಾಳಿಗೆ ಸದರ್ಲಿ ಬಸ್ಟರ್ ಅಂತಾರೆ, ದಕ್ಷಿಣದಿಂದ ಕರಾವಳಿಗುಂಟ ನುಗ್ಗುತ್ತೆ.

ನಾನು ಮರೆಯಲಾಗದ್ದು 2009ರ ಸೆಪ್ಟೆಂಬರ್ 23. ಪ್ಯಾರಮಟ್ಟಾದಲ್ಲಿ ಬಾಡಿಗೆ ಮನೆ. ಬೆಳಿಗ್ಗೆ ಆರಕ್ಕೆ ಎಚ್ಚರ ಆದ್ರೆ ರೂಮಿನ ಬಿಳಿ ಗೋಡೆ ಪೂರಾ ಕೇಸರಿ ಬಣ್ಣ. ಎಲ್ಲೋ ಬೆಂಕಿ ಬಿದ್ದಿದೆ ಅಂದ್ಕೊಂಡು ಬಾಗಿಲು ತೆಗೆದೆ. ಬೆಂಕಿ ಇಲ್ಲ, ಹೊಗೆ ವಾಸನೆ ಇಲ್ಲ, ಮಣ್ಣಿನ ವಾಸನೆ. ಎದುರು ಮನೆ ಕಾಣಲ್ಲ. ಬಾಯಲ್ಲಿ ಗರಗರ. ಖಂಡದ ಒಳನಾಡಿನ ಒಣಗಿದ ನೆಲದ ಮಣ್ಣು ರಾತ್ರಿಯೆಲ್ಲ ಗಾಳಿಯಲ್ಲಿ ಬಂದು ಊರಿನ ಮೇಲೆ ನಿಂತಿತ್ತು. ಕಾರಿನ ಮೇಲೆ ಬೆರಳಿಂದ ಒಂದು ಗೆರೆ ಎಳೆದೆ. ಬೆರಳ ತುದಿಗೆ ಅಂಟಿದ್ದು ನಮ್ಮೂರಿನ ಕೆಮ್ಮಣ್ಣಿನ ಬಣ್ಣವೇ, ರಂಗೋಲಿ ಸುತ್ತ ಬಳೀತಾರಲ್ಲ ಅದು, ಆದರೆ ಗಂಧದ ಹಾಗೆ ನುಣುಪು. ಅವತ್ತು ಬೆಳಿಗ್ಗೆ ವಿಮಾನಗಳು ಇಳಿಯೋಕೂ ಆಗಲಿಲ್ಲ.

ತಂಗಿ ಒಪ್ಪಿದ್ರೆ ನಾಲ್ಕು ದಿನ ಸಿಡ್ನಿಗೂ ಬನ್ನಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು–ಸಿಡ್ನಿ ನೇರ ವಿಮಾನ ಶುರುವಾಯ್ತು, ನೀವು ಹೋಗೋ ಹೊತ್ತಿಗೆ ಓಡ್ತಿದ್ರೆ ವಾಪಸ್ ಬರುವಾಗ ಅದರಲ್ಲೇ ಬರಬಹುದು. ಅಮ್ಮನಿಗೆ ಮ್ಯಾನ್ಲಿ ಫೆರ್ರಿ ಸಾಕು. ಅರ್ಧ ಗಂಟೆ, ಊರ ಜನ ಆಫೀಸಿಗೆ ಹೋಗೋ ದೋಣಿ ಅದು, ಆದರೂ ಒಪೆರಾ ಹೌಸು, ಸೇತುವೆ ಎರಡೂ ಪಕ್ಕದಲ್ಲೇ ಹೋಗ್ತಾವೆ.


ಸಂಪಿಗೆ_ರಸ್ತೆ
ಭಾನುವಾರ, ರಾತ್ರಿ 9:45

ಸರ್, ಬೆಳಿಗ್ಗೆ ಬರೆಯುವಾಗ ನೀವು ಉಬ್ಬಸ ಅಂದದ್ದು ಕಣ್ಣಿಗೆ ಬಿದ್ದೂ ಮನಸ್ಸಿಗೆ ಬಂದಿರಲಿಲ್ಲ. ಈಗ ಮತ್ತೆ ಓದಿದೆ. ಇದೇ ಎಲ್ಲಕ್ಕಿಂತ ಮುಖ್ಯ, ನೀವು ಹೋಗ್ತಿರೋದೂ ನವೆಂಬರ್‌ನಲ್ಲೇ.

2016ರ ನವೆಂಬರ್ 21. ಹಗಲು 35 ಡಿಗ್ರಿ, ಉತ್ತರದ ಗಾಳಿ. ಸಂಜೆ ಆರರ ಸುಮಾರಿಗೆ ಗುಡುಗು, ಜೋರು ಗಾಳಿ. ಮಳೆ ಹೆಚ್ಚೇನೂ ಬರಲಿಲ್ಲ. ತಂಪಾಯ್ತಲ್ಲ ಅಂತ ನಾನು ಮಾಮೂಲಿನಂತೆ ಎಲ್ಲ ಕಿಟಕಿ ತೆಗೆದೆ. ಅರ್ಧ ಗಂಟೆಯಲ್ಲಿ ಯಜಮಾನರಿಗೆ ಎದೆ ಬಿಗಿಯಿತು. ಅವರಿಗೆ ಆಸ್ತಮಾ ಇರಲೇ ಇಲ್ಲ, ವಸಂತದಲ್ಲಿ ಮೂಗು ಸೋರೋದು, ಕಣ್ಣು ತುರಿಕೆ, ಅಷ್ಟೆ. ಅಲ್ಲಿನ ತುರ್ತು ನಂಬರ್ ಸೊನ್ನೆ ಸೊನ್ನೆ ಸೊನ್ನೆಗೆ ಫೋನ್ ಮಾಡಿದ್ರೆ ಊರೆಲ್ಲ ಮಾಡ್ತಿದೆ. ಪಕ್ಕದ ಮನೆ ಅಜ್ಜಿಯ ಮಗ ತನ್ನ ನೀಲಿ ಇನ್ಹೇಲರ್ ತಂದು ಕೊಟ್ಟು, ಅವನೇ ಕಾರಲ್ಲಿ ಆಸ್ಪತ್ರೆಗೆ ಬಿಟ್ಟ. ಅಲ್ಲಿ ಕೂರೋಕೆ ಜಾಗ ಇಲ್ಲದೆ ಜನ ನೆಲದ ಮೇಲೆ ಕೂತಿದ್ರು, ಎಲ್ಲರದೂ ಒಂದೇ ಕೆಮ್ಮು. ಸಾವಿರಾರು ಜನ ಆಸ್ಪತ್ರೆಗೆ ಓಡಿದ್ರು, ಅದರಿಂದ ಒಟ್ಟು 10 ಜನ ತೀರಿಕೊಂಡ್ರು.

ಅದಕ್ಕೆ ಗುಡುಗು ಆಸ್ತಮಾ ಅಂತಾರೆ. ಊರಿನ ಉತ್ತರ, ಪಶ್ಚಿಮಕ್ಕೆ ರೈಗ್ರಾಸ್ ಅನ್ನೋ ಹುಲ್ಲು ಬಯಲು. ಅದರ ಪರಾಗ ಮಾಮೂಲಿ ದಿನ ಮೂಗಲ್ಲೇ ತಡೀತದೆ. ಗುಡುಗು ಮೋಡದ ತೇವಕ್ಕೆ ಪರಾಗದ ಕಾಳು ಒಡೆದು ಪುಡಿ ಪುಡಿ ಆಗಿ, ಮೋಡದ ಮುಂದೆ ನುಗ್ಗೋ ಗಾಳಿಯಲ್ಲಿ ನೆಲಮಟ್ಟಕ್ಕೆ ಬರುತ್ತೆ, ನೇರ ಶ್ವಾಸಕೋಶಕ್ಕೆ ಇಳಿಯುತ್ತೆ. ನಮ್ಮಲ್ಲಿ ಕಾಂಗ್ರೆಸ್ ಗಿಡದ ಅಲರ್ಜಿ ಇದ್ದವರಿಗೆ ಪರಾಗದ ಕಾಟ ಗೊತ್ತು, ಇದು ಅದಕ್ಕಿಂತ ಬೇರೆ ಮಟ್ಟ.

ಹೆದರಿ ಪ್ರಯಾಣ ಬಿಡಬೇಡಿ. ಹೊರಡೋ ಮೊದಲು ಇಲ್ಲೇ ಡಾಕ್ಟರ್ ಹತ್ರ ಅಮ್ಮನ್ನ ತೋರಿಸಿ ಈ ವಿಷಯ ಹೇಳಿ, ದಿನಾ ತಗೊಳ್ಳೋ ಇನ್ಹೇಲರ್ ಬೇಕಾ ಕೇಳಿ. ಔಷಧಿ ಚೀಟಿ ಕೈಚೀಲದಲ್ಲಿರಲಿ, ಇನ್ಹೇಲರ್ ಎರಡಿರಲಿ. ಅಲ್ಲಿ ಇಳಿದ ದಿನವೇ ಫೋನ್‌ಗೆ ವಿಕ್‌ಎಮರ್ಜೆನ್ಸಿ ಆ್ಯಪ್ ಹಾಕ್ಕೊಳ್ಳಿ. 2016ರ ನಂತರ ಪ್ರತಿ ವರ್ಷ ಅಕ್ಟೋಬರ್ 1ರಿಂದ ಡಿಸೆಂಬರ್ 31ರವರೆಗೆ ಗುಡುಗು ಆಸ್ತಮಾ ಮುನ್ಸೂಚನೆ ಅದರಲ್ಲಿ ಬರುತ್ತೆ. ಅಪಾಯ ಹೆಚ್ಚು ಅಂತ ತೋರಿಸಿದ ದಿನ ಗುಡುಗು ಬರೋ ಮೊದಲೇ ಅಮ್ಮ ಒಳಗಿರಬೇಕು, ಕಿಟಕಿ ಬಾಗಿಲು ಭದ್ರ. ಮೇಲೆ ನಾನು ಹೇಳಿದ ಕುರ್ಚಿ, ಶಾಲು, ಬೀದಿ ನೋಡೋದು ಎಲ್ಲ ಆ ದಿನಗಳಿಗಲ್ಲ. ಜನವರಿಗೆ ಇಟ್ಟುಕೊಳ್ಳಿ, ಅಷ್ಟರಲ್ಲಿ ಹುಲ್ಲು ಒಣಗಿರುತ್ತೆ.


ಕತ್ರಿಗುಪ್ಪೆ_ಕ್ರಿಕೆಟ್
ಸೋಮವಾರ, ಬೆಳಿಗ್ಗೆ 8:10

ಅಂಕಲ್, ಎರಡು ಮಾತು. ಡಿಸೆಂಬರ್ 26ಕ್ಕೆ ಎಂಸಿಜಿಯಲ್ಲಿ ಟೆಸ್ಟ್ ಶುರುವಾಗುತ್ತೆ, ಒಂದು ಲಕ್ಷ ಜನ ಹಿಡಿಸೋ ಮೈದಾನ, ಒಂದು ದಿನ ಆದ್ರೂ ಹೋಗಿ. 2018ರಲ್ಲಿ ನಮ್ಮ ಬೆಂಗಳೂರಿನ ಮಯಂಕ್ ಅಗರ್ವಾಲ್ ಮೊದಲ ಟೆಸ್ಟ್ ಆಡಿ 76 ಹೊಡೆದದ್ದು ಅಲ್ಲೇ. ನಾನು ಸ್ಟ್ಯಾಂಡಲ್ಲಿದ್ದೆ, ಎದ್ದು ನಿಂತು ಕಿರುಚಿ ಗಂಟಲು ಹೋಯ್ತು.

ಎರಡನೇದು, ವಿಮಾನದಲ್ಲಿ ಕೊಡೋ ಕಾರ್ಡ್‌ನಲ್ಲಿ ತಿನ್ನೋ ಪದಾರ್ಥ ಇದೆಯಾ ಅಂತ ಕೇಳಿರ್ತಾರೆ. ಸಾರಿನ ಪುಡಿ, ಉಪ್ಪಿನಕಾಯಿ, ಚಕ್ಲಿ, ಏನೇ ಇರಲಿ, ಹೌದು ಅಂತಲೇ ಬರೀರಿ. ತೋರಿಸಿದ್ರೆ ಹೆಚ್ಚಂದ್ರೆ ಇಟ್ಕೊಳ್ತಾರೆ. ಮುಚ್ಚಿಟ್ಟರೆ ಭಾರೀ ದಂಡ. ಹಸಿ ಕರಿಬೇವು, ಹಣ್ಣು, ಹೂವು ಬೇಡವೇ ಬೇಡ.


ಗಿರಿನಗರ_ನಿವಾಸಿ
ಸೋಮವಾರ, ಸಂಜೆ 6:50

ಎಲ್ಲರಿಗೂ ಕೈ ಮುಗಿದು ಧನ್ಯವಾದ. ಆಸ್ತಮಾ ವಿಷಯ ನಮಗೆ ಯಾರೂ ಹೇಳಿರಲಿಲ್ಲ, ತಂಗಿಗೂ ಅಷ್ಟು ವಿವರ ಗೊತ್ತಿರಲಿಲ್ಲ. ಗುರುವಾರ ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೊಂಡಿದೀನಿ.

ರೈಲಿನ ವಿಷಯ ಕೇಳಿದೆ ಮೇಡಂ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, ಮದುವೆ ಆದ ಹೊಸದರಲ್ಲಿ ತವರಿಗೆ ಹೋಗ್ತಿದ್ದದ್ದು ಆ ಸಣ್ಣ ರೈಲಲ್ಲೇ ಅಂದ್ರು. ಏರು ಬಂದಾಗ ಎಷ್ಟು ನಿಧಾನ ಹೋಗ್ತಿತ್ತು ಅಂದ್ರೆ ನಮ್ಮಪ್ಪ ಕೆಳಗಿಳಿದು ಹಳಿ ಪಕ್ಕದ ಹೊಲದಲ್ಲಿ ಕಡ್ಲೇಕಾಯಿ ಕಿತ್ತು, ಮತ್ತೆ ಓಡಿ ಬಂದು ಹತ್ಕೊಳ್ತಿದ್ರಂತೆ. ಅಪ್ಪ ತೀರಿಹೋಗಿ ಹನ್ನೊಂದು ವರ್ಷ, ಈ ಮಾತು ನಾನು ಒಂದು ಸಲವೂ ಕೇಳಿರಲಿಲ್ಲ. ಬೆಲ್‌ಗ್ರೇವ್‌ಗೆ ಮೊದಲ ವಾರವೇ ಹೋಗ್ತೀವಿ.

ಅಮ್ಮನ ಒಂದು ಪ್ರಶ್ನೆ ಉಳಿದಿದೆ: ಅಲ್ಲಿ ಬೂದುಗುಂಬಳಕಾಯಿ ಸಿಗುತ್ತಾ? ಅರಳು ಸಂಡಿಗೆ ಇಡಬೇಕಂತೆ.


ಸಂಪಿಗೆ_ರಸ್ತೆ
ಸೋಮವಾರ, ರಾತ್ರಿ 7:30

ಸಿಗುತ್ತೆ ಸರ್, ಧಾರಾಳವಾಗಿ. ಬಾಕ್ಸ್ ಹಿಲ್ ಸ್ಟೇಷನ್ ಹತ್ರ ಚೀನೀಯರ ತರಕಾರಿ ಅಂಗಡಿಗಳಿವೆ, ಅವರೂ ಬೂದುಗುಂಬಳ ತುಂಬಾ ತಿಂತಾರೆ. ಇಡೀ ಕಾಯಿ ಹೊರಬೇಕಿಲ್ಲ, ಹೋಳು ಮಾಡಿ ಮಾರ್ತಾರೆ. ಅರಳು ಭಾರತೀಯರ ಅಂಗಡಿಯಲ್ಲಿ ಕೇಳಿ, ಇಲ್ಲಿಂದ ತಗೊಂಡು ಹೋಗಬೇಡಿ. ಉತ್ತರದ ಗಾಳಿ ಬರೋ ಹಿಂದಿನ ರಾತ್ರಿಯೇ ಕಾಯಿ ತುರಿದು ಇಟ್ಕೊಳ್ಳಿ, ಬೆಳಿಗ್ಗೆ ಏಳಕ್ಕೆಲ್ಲ ಇಟ್ಟು ಮುಗಿಸಬೇಕು. ಪಂಚೆಯ ನಾಲ್ಕು ಮೂಲೆಗೂ ಇಟ್ಟಿಗೆ ಹೇರಿ. ಚೇಂಜ್ ಎಷ್ಟು ಗಂಟೆಗೆ ಅಂದಿರ್ತಾರೋ ಅದಕ್ಕೆ ಒಂದು ಗಂಟೆ ಮೊದಲೇ ಒಳಗೆ ತಗೊಳ್ಳಿ ಅಂತ ಅಮ್ಮನಿಗೆ ಹೇಳಿ.